ಸುಂಕದವನ ಮುಂದೆ

ಸೋಹಾರ್ ಬಂದರಿನಲ್ಲಿ ಹಡಗು
ಬಾಯಿ ತೆರೆದು ಕಾರು ಉಗುಳುತ್ತದೆ.
ಎಲ್ಲ ಬಿಳಿ, ಎಲ್ಲ ಮೂಕ.
ಇಳಿಸುವ ಡ್ರೈವರು ತಾನೇ ಬಾಯಲ್ಲಿ ಬುರ್ರ್ ಅನ್ನುತ್ತಾನೆ,
ಯಾರೂ ಅಡ್ಡ ಬರದಿರಲಿ ಅಂತ.

ನಾನು ಕ್ಲಿಯರಿಂಗ್ ಆಫೀಸಿನ ಗುಮಾಸ್ತೆ.
ಹದಿನೇಳು ವರ್ಷದಿಂದ ಇದೇ ಕುರ್ಚಿ,
ಬಕೆಟ್ಟಿಗೆ ತೊಟ್ಟಿಕ್ಕುವ ಇದೇ ಏಸಿ.
ಗಾಡಿಗೊಂದು ಸಾಲು ಟೈಪು ಮಾಡುತ್ತೇನೆ:
ಹುಟ್ಟಿದ ದೇಶ, ತೂಕ, ಬೆಲೆ,
ಕೊನೆಯಲ್ಲಿ ಸುಂಕ.
ಅಲ್ಲಿ ಯಾವಾಗಲೂ ಐದು ಇರುತ್ತಿತ್ತು.
ಕಣ್ಣು ಹಾಯಿಸದೆ ಹೊಡೆಯುತ್ತಿದ್ದೆ ಐದು,
ಗಂಜಿಗೆ ಉಪ್ಪು ಹಾಕಿದ ಹಾಗೆ.

ಒಂದು ಭಾನುವಾರ ಸುತ್ತೋಲೆ ಬಂತು:
ಕರೆಂಟಿನ ಕಾರಿಗೆ ಸೊನ್ನೆ.
ಎಣ್ಣೆ ಮಾರಿ ಉಂಡ ನೆಲವೇ
ಎಣ್ಣೆ ಬೇಡದ ಗಾಡಿಗೆ ಬಾಗಿಲು ತೆಗೆಯಿತು.
ಸೊನ್ನೆ ಹೊಡೆಯಲು ನನ್ನ ಬೆರಳಿಗೆ
ಎರಡು ವಾರ ಹಿಡಿಯಿತು.

ನನ್ನವರದು ಸನಯ್ಯಾದಲ್ಲಿ ಗ್ಯಾರೇಜು.
ಬೋರ್ಡಿನ ಮೇಲೆ ಅರಬಾಬನ ಹೆಸರು,
ಉಗುರಿನ ಸಂದಿಯ ಕಪ್ಪು ಮಾತ್ರ ಇವರದು.
ಆಯಿಲ್, ಫಿಲ್ಟರ್, ಪ್ಲಗ್ಗು, ಬೆಲ್ಟು,
ಅವಕ್ಕೆಲ್ಲ ಇವತ್ತಿಗೂ ಐದು, ನಾನೇ ಹೊಡೆಯುವುದು.
ರಾತ್ರಿ ಬಂಗುಡೆಯ ಮುಳ್ಳು ಬಿಡಿಸುತ್ತಾ
ಅವರು ಲೆಕ್ಕ ಹಾಕಿದರು:
"ಸುಂಕ ಬೇಡದ ಕಾರಿಗೆ ಆಯಿಲ್ ಬೇಡ.
ಆಯಿಲ್ ಬೇಡದ ಕಾರಿಗೆ ನಾನು ಬೇಡ.
ಹಾಗಾದರೆ ಆ ಸೊನ್ನೆ
ನಾನೇ ಅಲ್ಲವಾ ಮಾರಾಯ್ತಿ?"
ಇಬ್ಬರೂ ನಕ್ಕೆವು.
ಯಾರು ಮೊದಲು ನಿಲ್ಲಿಸಿದ್ದು, ನೆನಪಿಲ್ಲ.

ನಮ್ಮ ಬಿಲ್ಡಿಂಗಿಗೂ ಒಂದು ಬಂತು,
ಎರಡನೇ ಮಹಡಿಯ ಹಲ್ಲಿನ ಡಾಕ್ಟರು ಕೊಂಡದ್ದು.
ಸುಂಕ ಸೊನ್ನೆಯಾದರೇನು, ಕೆಳಗೆ ಪ್ಲಗ್ ಪಾಯಿಂಟೂ ಸೊನ್ನೆ.
ಬಾಲ್ಕನಿಯಿಂದ ಕೆಂಪು ವಯರು ಇಳಿಬಿಟ್ಟರು,
ಒಣಗಲು ಹಾಕಿದ ನನ್ನ ನೈಟಿಗಳ ಪಕ್ಕದಲ್ಲೇ.
ವಾಚ್‌ಮನ್ ಮುಜೀಬುಲ್ಲಾ ಜುಲೈ ಬಿಸಿಲಿನಲ್ಲಿ
ಗಂಟೆಗೊಮ್ಮೆ ಅದನ್ನು ಮುಟ್ಟಿ ನೋಡುತ್ತಾನೆ,
ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಡಿಸೆಂಬರಿನಲ್ಲಿ ಚಾಯ ಅಂಗಡಿಯಿಂದ ಸುದ್ದಿ ಎದ್ದಿತು:
ಹೊಸ ವರ್ಷಕ್ಕೆ ಸೊನ್ನೆ ಹೋಗಿ ಐದು ಬರುತ್ತಂತೆ.
ಒಂದೇ ವಾರಕ್ಕೆ ಇನ್ನೂರ ಹನ್ನೆರಡು ಕಾರು!
ಗಾಳಿ ಚೊಕ್ಕಟವಾಗಲೆಂದು
ಅದರಲ್ಲಿ ಎಷ್ಟು ಜನ ಕೊಂಡರೋ ಹೇಳಲಾರೆ.
ನನ್ನ ಫಾರಮ್ಮಿನಲ್ಲಿ ಗಾಳಿಗೆ ಕಾಲಂ ಇಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಬಾರದು,
ಗಾದೆ ಹೇಳುವುದು ಅಷ್ಟೇ.
ಸುಂಕದವನೇ ಹೇಳತೊಡಗಿದರೆ ಏನು ಮಾಡಬೇಕು?
ಆ ಗುರುವಾರ ರಾತ್ರಿ ಎಂಟಕ್ಕೆ
ಖಲ್ಫಾನ್ ಸಾಹೇಬರು ಮೊಹರು ಕೆಳಗಿಟ್ಟು
ಮುರುಕು ಹಿಂದಿಯಲ್ಲಿ ಶುರುಮಾಡಿದರು:
ಅವರಿಗೂ ಒಂದು ಬೇಕು, ಬಣ್ಣ ಕೂಡ ಆರಿಸಿಯಾಗಿದೆ.
ಹೆಂಡತಿಯ ತವರು ಬೆಟ್ಟದ ತುದಿ;
ಅರ್ಧ ಏರಿಗೇ ಕರೆಂಟು ತೀರಿದರೆ?
ಆಡಿನ ವ್ಯಾಪಾರಿ ಮಾವನದು ಬೇರೆಯೇ ತಕರಾರು:
"ಸದ್ದೇ ಇಲ್ಲದ ಗಾಡಿ ಊರಿಗೆ ಬಂದರೆ
ಆಡುಕಳ್ಳನನ್ನು ನಾನು ಹೇಗೆ ಹಿಡಿಯಲಿ?"
ಸಾಹೇಬರು ಬೆರಳಿನ ಶಾಯಿ ಒರೆಸಿಕೊಂಡರು.
"ಇನ್ನೂರು ಸೊನ್ನೆಗೆ ಸಹಿ ಹಾಕಿದೆ.
ನನಗೊಂದು ಸೊನ್ನೆ ದಕ್ಕಲಿಲ್ಲ."
ನಾನು ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟೆ.
ಬೇರೆ ಮಾತು ಹೊಳೆಯಲಿಲ್ಲ.

ಕೊನೆಯ ಕಾಗದ ಕಾರಿನದಲ್ಲ.
ಸಣ್ಣದೊಂದು ರಟ್ಟಿನ ಪೆಟ್ಟಿಗೆ:
ಕರೆಂಟು ತಡೆಯುವ ಕಿತ್ತಳೆ ಬಣ್ಣದ ಕೈಗವಸು, ಎರಡು ಜೊತೆ.
ತರಿಸಿದವರು: ಸನಯ್ಯಾದ ಗ್ಯಾರೇಜು.
ವಿಳಾಸ ಎರಡು ಸಲ ಓದಿದೆ.
ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ ಈ ಮನುಷ್ಯ.

ಸುಂಕದ ಕಾಲಮ್ಮಿನ ಮುಂದೆ
ಬೆರಳು ಸ್ವಲ್ಪ ಹೊತ್ತು ನಿಂತಿತು.
ಕೈಗವಸಿಗೆ ವಿನಾಯಿತಿ ಇಲ್ಲ.

ಐದು ಹೊಡೆದೆ.